ತೆಳ್ಳಗಿನ ಟೀವಿ, ದಪ್ಪನೆಯ ಬುಡ

ದಪ್ಪ ಟೀವಿ ಇದ್ದ ಕಾಲದಲ್ಲಿ ಅದರ ತಲೆಯ ಮೇಲೆ ಒಂದು ಸಂಸಾರವೇ ವಾಸವಾಗಿತ್ತು. ಅವ್ವ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಿಳಿ ಹೊದಿಕೆ, ಅದರ ಮೇಲೆ ಮಂತ್ರಾಲಯದಿಂದ ತಂದ ರಾಯರ ಫೋಟೊ, ತಲೆಯಲ್ಲಾಡಿಸುವ ಗೊಂಬೆ, ಗಡಿಯಾರಕ್ಕೆ ಹಾಕಬೇಕೆಂದು ತಂದು ಮರೆತ ಸೆಲ್ಲು, ಮದುವೆ ಕಾರ್ಡುಗಳು, ಕರೆಂಟ್ ಬಿಲ್ಲು, ಕೇಬಲ್ಲಿನವನಿಗೆಂದು ಎತ್ತಿಟ್ಟ ದುಡ್ಡು. ಟೀವಿಯ ಬೆನ್ನು ಅಷ್ಟುದ್ದ ಹಿಂದಕ್ಕೆ ಚಾಚಿಕೊಂಡಿರುತ್ತಿದ್ದರಿಂದ ಜಾಗಕ್ಕೆ ಕೊರತೆಯಿರಲಿಲ್ಲ. ಒಳಗೆ ಚಿತ್ರದ ಕೊಳವೆ ಇದೆ, ಅದರ ಹಿಂದಿನ ತುದಿಯಿಂದ ಎಲೆಕ್ಟ್ರಾನುಗಳು ಹೊರಟು ಪರದೆಗೆ ಬಂದು ಬಡಿಯಬೇಕಾದರೆ ಅಷ್ಟು ದೂರ ಬೇಕೇ ಬೇಕು ಎಂದು ವಿಜ್ಞಾನದ ಮಾಸ್ತರರು ಹೇಳಿಕೊಟ್ಟಿದ್ದರು. ಅವ್ವನ ಪ್ರಕಾರ ಆ ಜಾಗ ಇದ್ದದ್ದು ರಾಯರ ಫೋಟೊಕ್ಕೆ.

ಈಗಿನ ಟೀವಿಗೆ ತಲೆಯೇ ಇಲ್ಲ. ಮೇಲಿನ ಅಂಚು ಬೆರಳು ದಪ್ಪ, ಅಲ್ಲಿ ಒಂದು ಊದಿನಕಡ್ಡಿ ಕೂಡ ಮಲಗಿಸಲು ಬಾರದು. ಹಾಗಂತ ಆ ಸಂಸಾರ ಎಲ್ಲಿಗೆ ಹೋಗಬೇಕು? ಕೆಳಗಿಳಿದು ಬರುತ್ತದೆ. ಆದ್ದರಿಂದ ಟೀವಿ ತೆಳ್ಳಗಾದಷ್ಟೂ ಅದರ ಬುಡ ದಪ್ಪವಾಗುತ್ತ ಹೋಗುತ್ತದೆ ಎಂಬುದು ನನ್ನ ಖಾಸಗಿ ಸಿದ್ಧಾಂತ. ಟೀವಿ ಕಂಪನಿಯವರು ಉಳಿಸಿಕೊಟ್ಟ ಜಾಗವನ್ನೆಲ್ಲ ಸ್ಟ್ಯಾಂಡಿನವರು ಬಡ್ಡಿ ಸಮೇತ ವಸೂಲು ಮಾಡುತ್ತಾರೆ.

ನಾವು ಹೊಸದಾಗಿ ತಂದ 55 ಇಂಚಿನ ಟೀವಿ ಒಂದೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಬೆಂಗಳೂರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಬಾಡಿಗೆ ಮನೆ ಬದಲಿಸುವಾಗ ತನ್ನ ಹೋಮ್ ಥಿಯೇಟರನ್ನು ಅಕ್ಕನಿಗೆ ಉಡುಗೊರೆಯೆಂದು ಬಸ್ಸಿಗೆ ಹಾಕಿ ಕಳಿಸಿದ. ಕೆಳಗಿನ ಮನೆಯವರು ಓನರಿಗೆ ದೂರು ಕೊಟ್ಟಿದ್ದರಂತೆ. ಉಡುಗೊರೆಯ ಈ ಹಿನ್ನೆಲೆ ನಮಗೆ ತಿಳಿದದ್ದು ಆಮೇಲೆ. ಸ್ಪೀಕರುಗಳಿಗೆಲ್ಲ ಶಬ್ದ ಹಂಚುವ ಒಂದು ರಿಸೀವರು, ಮುಂದಿಡಲು ಮೂರು ಸ್ಪೀಕರು, ಹಿಂದಿಡಲು ಎರಡು, ಜೊತೆಗೆ ಗುಡುಗಿನಂಥ ದಪ್ಪ ದನಿಗೆಂದೇ ಇರುವ, ಇಬ್ಬರು ಹಿಡಿದು ಎತ್ತಬೇಕಾದ ಸಬ್‌ವೂಫರು. ಫೋನಿನಲ್ಲಿ ಉಪದೇಶವೂ ಬಂತು: "ಮಾಮಾ, ರಿಸೀವರ್ ಮ್ಯಾಲೆ ಏನೂ ಇಡಬ್ಯಾಡ್ರಿ, ಕಾಯ್ತೈತಿ. ಸಬ್‌ವೂಫರ್ ಸ್ಟ್ಯಾಂಡಿನ ಮ್ಯಾಲೆ ಇಡಬ್ಯಾಡ್ರಿ, ಎಲ್ಲಾ ನಡುಗ್ತೈತಿ. ಸೆಂಟರ್ ಸ್ಪೀಕರ್ ಟೀವಿ ಬುಡಕ್ಕೇ ಇರ್ಬೇಕು, ದೂರ ಇಡಬ್ಯಾಡ್ರಿ." ಬೀಗರ ಕಡೆಯಿಂದ ಬರುವ ಸಾಮಾನಿಗಿಂತ ಅದರ ಜೊತೆ ಬರುವ 'ಬ್ಯಾಡ್ರಿ'ಗಳೇ ಯಾವಾಗಲೂ ಹೆಚ್ಚು.

ಗೋಡೆಗೆ ತೂಗುಹಾಕುವುದು ಮೊದಲಿನ ಯೋಚನೆ. ಟೀವಿ ಕೂರಿಸುವ ಹುಡುಗ ಡ್ರಿಲ್ ಹಿಡಿದು ಬಂದ. ನಮ್ಮದು ರಾಯಚೂರಿನ ಹಳೆಯ ಓಣಿಯ ಮಾಳಿಗೆ ಮನೆ. ಗೋಡೆ ಒಂದು ಮೊಳಕ್ಕಿಂತ ದಪ್ಪ, ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ್ದು. ಹುಡುಗ ಗುರುತು ಮಾಡಿದ ಜಾಗದಲ್ಲಿ ಡ್ರಿಲ್ ಇಟ್ಟ. ಕಿರ್ರೆಂದು ಶಬ್ದ ಬಂತು, ಸುಟ್ಟ ವಾಸನೆ ಬಂತು, ತೂತು ಬರಲಿಲ್ಲ, ಒಳಗೆ ಕರಿಕಲ್ಲು. ಎರಡು ಇಂಚು ಬಲಕ್ಕೆ ಸರಿದ. ಈ ಸಲ ಡ್ರಿಲ್ಲು ಹಿಡಿತಪ್ಪಿ ಒಳಗೇ ಹೋಗಿಬಿಟ್ಟಿತು, ಹೊರಗೆಳೆದರೆ ಬೊಗಸೆ ತುಂಬ ಮಣ್ಣು ಸುರಿಯಿತು. ಅವನು ಹಣೆ ಒರೆಸಿಕೊಂಡು ಹೇಳಿದ: "ಸರ, ಇದು ಗ್ವಾಡಿ ಅಲ್ರಿ. ಒಂದು ಕಡೆ ಗುಡ್ಡ, ಒಂದು ಕಡೆ ಹೊಲ. ನಡುವ ಟೀವಿ ನಿಲ್ಲಂಗಿಲ್ಲ." ಅಷ್ಟು ಹೇಳಿ, ಟೀವಿಯ ಎರಡು ಕಾಲುಗಳನ್ನು ಡಬ್ಬದಿಂದ ತೆಗೆದು ನನ್ನ ಕೈಗಿಟ್ಟು, ಚಾ ಕುಡಿದು ಹೋದ.

ಅಪ್ಪನಿಗೆ ಒಳಗೊಳಗೇ ಖುಷಿ. ಟೀವಿ ಎಂದರೆ ಮೇಜಿನ ಮೇಲೆ ಕೂರುವ ವಸ್ತು ಎಂದು ಅವರು 1975ರಲ್ಲೇ ತೀರ್ಮಾನಿಸಿದ್ದಾರೆ. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾದವರ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದರು. 'ಸೈಟ್' ಎನ್ನುತ್ತಿದ್ದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಮ್ಮ ಭಾಗವನ್ನು: ರಾಯಚೂರು, ಕಲಬುರಗಿ, ವಿಜಯಪುರ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಯವರು ರೇಡಿಯೊ ಕಿವಿ ಹಿಂಡುತ್ತ ಕೂತಿದ್ದಾಗ ರಾಯಚೂರು ಜಿಲ್ಲೆಯ ಹಳ್ಳಿಯ ಹುಡುಗರು ಆಕಾಶದಿಂದ ನೇರವಾಗಿ ಇಳಿದ ಟೀವಿ ನೋಡುತ್ತಿದ್ದರು. ಹಿಂದುಳಿದ ಜಿಲ್ಲೆ ಎಂದು ಯಾರಾದರೂ ಅಂದರೆ ಅಪ್ಪ ಈ ಲೆಕ್ಕ ತೆಗೆಯುತ್ತಾರೆ.

ಅವರ ಹಳ್ಳಿಯ ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ ಆಕಾಶ ನೋಡುತ್ತ ನಿಂತಿತ್ತಂತೆ. ಟೀವಿಗೆ ಹೆಡ್‌ಮಾಸ್ತರರ ಮೇಜು. ಮೇಜು ಟೀವಿಗೆ ಹೋದ ಮೇಲೆ ಮಾಸ್ತರರು ಹಾಜರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರಂತೆ. ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಮೂರನೆಯದು ಬಂದಾಗ ಮಕ್ಕಳನ್ನು ಎಬ್ಬಿಸಿ ಮನೆಗೆ ಅಟ್ಟುತ್ತಿದ್ದರು. 1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು, ಅಮೆರಿಕದವರು ಉಪಗ್ರಹವನ್ನು ಸರಿಸಿಕೊಂಡರು. "ಉಪಗ್ರಹ ಹೋತು, ಮೇಜು ಉಳೀತು" ಎನ್ನುವುದು ಅಪ್ಪನ ತೀರ್ಪು. ಟೀವಿಗೆ ಎಷ್ಟು ಕೊಟ್ಟೆವೆಂದು ಅವರು ಇವತ್ತಿಗೂ ಕೇಳಿಲ್ಲ. ಸ್ಟ್ಯಾಂಡಿನ ವಿಷಯ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡು ಎದ್ದು ಬಂದರು.

ಅಳತೆಯಿಂದಲೇ ಜಗಳ ಆರಂಭ. 55 ಇಂಚೆಂದರೆ ಅಡ್ಡಡ್ಡ 55 ಎಂದು ಮನೆಮಂದಿಯೆಲ್ಲ ನಂಬಿದ್ದರು. ಹೆಂಡತಿ ಬ್ಲೌಸಿನ ಟೇಪ್ ಹಿಡಿದು ನೋಡಿದರೆ 48ಕ್ಕೆ ನಿಂತಿತು. ಟೀವಿಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ ಎಂದು ನಾನು ಹೇಳಿದೆ. ಅಗಲ ನಾಲ್ಕು ಅಡಿ, ಎತ್ತರ 27 ಇಂಚು ಎಂದೂ ಹೇಳಿದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದ ಕಾಕಾ ಆಗಷ್ಟೇ ಒಳಗೆ ಬಂದಿದ್ದರು. "ಏಳಿಂಚು ಹೊಡದಾರ" ಎಂದರು. ಬಟ್ಟೆ ಅಂಗಡಿಯವನು ಹೀಗೆ ಮೂಲೆಯಿಂದ ಮೂಲೆಗೆ ಹಿಡಿದು ಅಳೆದರೆ ಸುಮ್ಮನಿರ್ತೀರೇನು ಎಂದು ಎಲ್ಲರನ್ನೂ ಕೇಳಿದರು. ಉತ್ತರ ಯಾರ ಬಳಿಯೂ ಇರಲಿಲ್ಲ.

ಅಗಲಕ್ಕಿಂತ ದೊಡ್ಡ ತಕರಾರು ಕಾಲುಗಳದು. ಹಿಂದಿನ ಟೀವಿಗಳಿಗೆ ನಡುವೆ ಒಂದೇ ಪೀಠ ಇರುತ್ತಿತ್ತು, ಸಣ್ಣ ಮೇಜಾದರೂ ಸಾಕು. ಈಗಿನವಕ್ಕೆ ಎರಡು ಕಾಲು, ಎರಡೂ ತೀರಾ ಅಂಚಿನಲ್ಲಿ. ಮನೆಯಲ್ಲಿದ್ದ ಹಳೆಯ ಟ್ರಾಲಿಯ ಮೇಲೆ ಇಟ್ಟು ನೋಡಿದರೆ ಒಂದು ಕಾಲು ಟ್ರಾಲಿಯ ಮೇಲೆ, ಇನ್ನೊಂದು ಗಾಳಿಯಲ್ಲಿ. ಸ್ಟ್ಯಾಂಡು ನಾಲ್ಕು ಅಡಿ ದಾಟಲೇಬೇಕು ಎಂದಾಯಿತು. ಆಳವೂ ಬೇಕು: ರಿಸೀವರಿನದೇ 15 ಇಂಚು, ಅದರ ಬೆನ್ನಿನಿಂದ ಹೊರಡುವ ವಯರುಗಳು ಮಡಚಿಕೊಳ್ಳಲು ಮತ್ತೆ ಮೂರು ಇಂಚು. ಅಂಗಡಿಗಳಲ್ಲಿ ನೋಡಿದ ಸ್ಟ್ಯಾಂಡುಗಳೆಲ್ಲ ಸೆಟ್‌ಟಾಪ್ ಬಾಕ್ಸ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು.

ಎತ್ತರ ಎಷ್ಟಿರಬೇಕು? ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು ಎಂಬುದು ಎಲ್ಲ ಕಡೆ ಹೇಳುವ ನಿಯಮ. ನಿಯಮ ಮಾಡಿದವರ ಮನೆಯಲ್ಲಿ ಎಲ್ಲರೂ ಒಂದೇ ಸೋಫಾದ ಮೇಲೆ ಕೂರುತ್ತಾರೆಂದು ಕಾಣುತ್ತದೆ. ನಮ್ಮಲ್ಲಿ ಅಪ್ಪ ಬೆತ್ತದ ಕುರ್ಚಿಯಲ್ಲಿ, ಅವರ ಕಣ್ಣು ನೆಲದಿಂದ 40 ಇಂಚಿಗೆ. ಅವ್ವ ಚಾಪೆಯ ಮೇಲೆ, ಕಾಳು ಆರಿಸುತ್ತ, 28 ಇಂಚಿಗೆ. ಮಗಳು ದಿಂಬಿನ ಮೇಲೆ ಗಲ್ಲ ಊರಿ ಬೋರಲು ಮಲಗಿ, ಅಂಗೈ ಎತ್ತರಕ್ಕೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಐದು ಅಡಿಯ ಹತ್ತಿರ. ಇಷ್ಟೂ ಕಣ್ಣುಗಳ ಸರಾಸರಿ ತೆಗೆದರೆ ಯಾರಿಗೂ ಸರಿಹೊಂದದ ಒಂದು ಎತ್ತರ ಸಿಗುತ್ತದೆ. ಕಡೆಗೆ ಹಿರಿತನ ನೋಡಿ ಅಪ್ಪನ ಕಣ್ಣಿಗೇ ಮಣೆ ಹಾಕಿದೆವು: ಎರಡು ಅಡಿಯ ಸ್ಟ್ಯಾಂಡು. ಅದರ ಮೇಲೆ ಟೀವಿ ಇಟ್ಟರೆ ನಡುಭಾಗ 40ರ ಆಸುಪಾಸಿಗೆ ಬರುತ್ತದೆ.

ಹೆಂಡತಿಯ ಷರತ್ತು ಒಂದೇ: "ಬುಡಕ್ಕ ಕಾಲು ಇರ್ಬೇಕು, ಕಸಬರಗಿ ಒಳಗ ಹೋಗ್ಬೇಕು." ನಾನು ಇದನ್ನು ಬರೀ ಸ್ವಚ್ಛತೆಯ ವಿಷಯ ಎಂದುಕೊಂಡಿರಲಿಲ್ಲ. ಅಮಾವಾಸ್ಯೆಗೆ ಕೊಡಗಟ್ಟಲೆ ನೀರು ಸುರಿದು ನೆಲ ತೊಳೆಯುವ ಮನೆ ನಮ್ಮದು. ಈಗ ಸಿಗುವ ಅಗ್ಗದ ಸಾಮಾನುಗಳ ಹಲಗೆ ಎಂದರೆ ಮರದ ಚೂರು, ಹೊಟ್ಟಿಗೆ ಅಂಟು ಬೆರೆಸಿ ಬಿಸಿಯಲ್ಲಿ ಒತ್ತಿದ್ದು. ಮೇಲೆ ಹೊಳೆಯುವ ಹಾಳೆ ಹೊದಿಸಿರುತ್ತಾರೆ. ಆ ಹಾಳೆಯ ಅಂಚು ಎಲ್ಲಾದರೂ ಬಿಟ್ಟು ನೀರು ಒಳಗೆ ಹೊಕ್ಕರೆ ಹಲಗೆ ಊದಿಕೊಳ್ಳುತ್ತದೆ, ಒಣಗಿದ ಮೇಲೂ ಇಳಿಯುವುದಿಲ್ಲ.

ಅಂಗಡಿಯ ಹುಡುಗ "ಇದು ಇಂಜಿನಿಯರ್ಡ್ ವುಡ್ ಸರ್" ಎಂದಾಗ ಅಪ್ಪ ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯಿಟ್ಟು ಕೇಳಿ, "ಇಂಜಿನಿಯರ್ ಎಲ್ಲಿ ಓದ್ಯಾನಪ್ಪ?" ಎಂದು ವಿಚಾರಿಸಿದರು. ಆ ಅಂಗಡಿಯಲ್ಲಿ ನಮಗೆ ಮುಂದೆ ಮರ್ಯಾದೆ ಉಳಿಯಲಿಲ್ಲ.

ಬಡಿಗೇರ ಮಾಮಾ ನಮ್ಮ ಮನೆಯ ಬಾಗಿಲು, ಕಿಟಕಿ, ದೇವರ ಮಂಟಪ ಎಲ್ಲ ಮಾಡಿದವರು. ಕೆಲಸದಲ್ಲಿ ಎರಡು ಮಾತಿಲ್ಲ. ಅವರನ್ನೇ ಕೇಳಿದೆವು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಸಿಗರೇಟ್ ಪ್ಯಾಕಿನ ಮೇಲೆ ಅಳತೆ ಗೀಚಿಕೊಂಡು, "ಸಾಗವಾನಿದಾಗ ಮಾಡಿಕೊಡ್ತೀನ್ರಿ, ನಿಮ್ಮ ಮೊಮ್ಮಕ್ಕಳು ನೋಡ್ಬೇಕು" ಎಂದರು. ಯಾವಾಗ ಆಗುತ್ತದೆ ಎಂದರೆ, "ಯುಗಾದಿ ಒಳಗ." ಯಾವ ಯುಗಾದಿ ಎಂದು ಅವರನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಕೇಳಬಾರದು. ನಮ್ಮ ದೇವರ ಮಂಟಪಕ್ಕೂ ಇದೇ ವಾಯಿದೆ ಇತ್ತು. ಅದು ಬಂದಾಗ ಮಗಳು ನಡೆಯಲು ಕಲಿತಿದ್ದಳು, ಹೇಳುವಾಗ ಅವಳಿನ್ನೂ ಹುಟ್ಟಿರಲಿಲ್ಲ. ಅಲ್ಲಿಯವರೆಗೆ ಟೀವಿ ಮಂಚದ ಮೇಲೆ, ನಾವು ನೆಲದ ಮೇಲೆ.

ಹೆಂಡತಿ ರಾತ್ರಿ ಫೋನಿನಲ್ಲಿ ಬೆರಳು ಒತ್ತಿ ತರಿಸಿಬಿಟ್ಟಳು. ಐದು ಅಡಿ ಉದ್ದ, 18 ಇಂಚು ಆಳ, ಕಬ್ಬಿಣದ ಕಾಲು, ಮುಂದೆ ಗಾಜಿನ ಬಾಗಿಲು. ಗಾಜು ಎಂಬುದನ್ನು ನೋಡಿಯೇ ಆರಿಸಿದ್ದಳು. ಮರದ ಬಾಗಿಲು ಮುಚ್ಚಿದರೆ ರಿಮೋಟಿನಿಂದ ಹೊರಡುವ ಇನ್‌ಫ್ರಾರೆಡ್ ಬೆಳಕು ಒಳಗಿನ ಪೆಟ್ಟಿಗೆಗೆ ತಲುಪದು, ಗಾಜಾದರೆ ದಾಟುತ್ತದೆ. ಬಾಕ್ಸ್ ತಂದ ಹುಡುಗ ತೀನ್ ಕಂದೀಲ್ ಸರ್ಕಲ್ಲಿನಿಂದ ಫೋನ್ ಮಾಡಿ, "ಅಣ್ಣಾ, ಲೊಕೇಶನ್ ಕೋಟೆ ಒಳಗ ತೋರಸ್ತೈತಿ, ನಾ ಎಲ್ಲಿಂದ ಒಳಗ ಬರ್ಲಿ?" ಎಂದು ಕೇಳಿದ. ಈ ಪ್ರಶ್ನೆಯನ್ನು ರಾಯಚೂರಿಗೆ ಮುತ್ತಿಗೆ ಹಾಕಿದ ಎಲ್ಲರೂ ಕೇಳಿಕೊಂಡೇ ಬಂದಿದ್ದಾರೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಸ್ಟ್ಯಾಂಡು ಇರಲಿಲ್ಲ. ಹಲಗೆಗಳಿದ್ದವು, ಪ್ಲಾಸ್ಟಿಕ್ ಚೀಲಗಳಲ್ಲಿ ಮೊಳೆ, ತಿರುಪು, ಸಣ್ಣ ಮರದ ಗೂಟಗಳು, ಮತ್ತೆ ಒಂದು ಹಾಳೆ. ಹಾಳೆಯಲ್ಲಿ ಒಂದಕ್ಷರವೂ ಇಲ್ಲ. ಬೋಳುತಲೆಯ ಒಬ್ಬ ಮನುಷ್ಯ ಒಂಟಿಯಾಗಿ ಹಲಗೆ ಎತ್ತುತ್ತಿದ್ದಾನೆ, ಮುಖ ಸಪ್ಪಗಿದೆ, ಅವನ ಮೇಲೆ ಕಾಟು ಹೊಡೆದಿದ್ದಾರೆ. ಪಕ್ಕದ ಚಿತ್ರದಲ್ಲಿ ಇಬ್ಬರು ಬೋಳುತಲೆಯವರು, ಇಬ್ಬರೂ ನಗುತ್ತಿದ್ದಾರೆ. ಅವ್ವ ಅದನ್ನು ನೋಡಿ, "ಒಬ್ಬರೇ ಮಾಡಬಾರ್ದು ಅಂತ ಬರದಾರ" ಎಂದು ಅರ್ಥ ಹೇಳಿ, ಕಾಕಾನನ್ನೂ ಎದುರುಮನೆಯ ವೈನಿಯ ಗಂಡನನ್ನೂ ಕರೆಸಿದಳು. ವೈನಿ ಕರೆಯದೆಯೇ ಬಂದರು. ಓಣಿಯ ಹುಡುಗರು ಮೊದಲೇ ಬಂದಿದ್ದರು.

ಅಕ್ಷರವಿಲ್ಲದ ಸೂಚನೆ ರಾಯಚೂರಿನವರಿಗೆ ಹೊಸತಲ್ಲ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಮೈಮೇಲೆ ಶಾಸನ ಕೊರೆದಿದ್ದಾರೆ. ಹತ್ತಿರದಲ್ಲೇ ಆ ಕಲ್ಲನ್ನು ಬಂಡಿಗೆ ಹೇರಿ, ಸಾಲು ಸಾಲು ದನ ಕಟ್ಟಿ ಎಳೆದು ತಂದದ್ದನ್ನು ಚಿತ್ರವಾಗಿ ಕೆತ್ತಿದ್ದಾರೆ. ಶಾಲೆಯ ಮಕ್ಕಳನ್ನೆಲ್ಲ ಕರೆದೊಯ್ದು ತೋರಿಸುತ್ತಾರೆ. ಕಾಕಾ ಅದನ್ನೇ ಹಿಡಿದುಕೊಂಡರು: "ಅಲ್ಲಿ ಯಾವ ಕಲ್ಲು ಮೊದಲು, ಯಾವ ಕಲ್ಲು ಆಮ್ಯಾಲೆ ಅಂತ ನಂಬರ್ ಬರದಾರೇನು? ಏಳು ನೂರು ವರ್ಷ ಆತು, ನಿಂತಿಲ್ಲೇನು?" ಅಷ್ಟರಲ್ಲಿ ಕರೆಂಟ್ ಹೋಯಿತು. ಏಪ್ರಿಲ್ ತಿಂಗಳು, ಹೊರಗೆ 42 ಡಿಗ್ರಿ. ಕಾಕಾ ಸೂಚನೆಯ ಹಾಳೆಯನ್ನು ಮಡಚಿ ಬೀಸಿಕೊಳ್ಳತೊಡಗಿದರು. ಆಮೇಲೆ ಆ ಹಾಳೆ ಸೂಚನೆಯಾಗಿ ಯಾರ ಕೈಗೂ ಸಿಗಲಿಲ್ಲ.

210 ಮೆಗಾವಾಟಿನ ಯುನಿಟ್ಟುಗಳ ನಡುವೆ ವಯಸ್ಸು ಕಳೆದ ಮನುಷ್ಯನಿಗೆ ಟೀವಿ ಸ್ಟ್ಯಾಂಡ್ ಜೋಡಿಸಲು ಹಾಳೆ ನೋಡಿಕೋ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗಿದೆ? ಹೆಂಡತಿ ಒಳಗಿನಿಂದ ಸ್ಟೀಲ್ ತಾಟುಗಳನ್ನು ತಂದಳು, ಒಂದೊಂದು ಜಾತಿಯ ತಿರುಪು ಒಂದೊಂದು ತಾಟಿಗೆ. ಮರದ ಗೂಟಗಳ ತಾಟನ್ನು ಮಗಳು ಅಡುಗೆಯಾಟಕ್ಕೆ ಒಯ್ದಳು; ಅವಳ ಪ್ರಕಾರ ಅವು ಬದನೆಕಾಯಿ ಹೋಳು.

ಈ ಸ್ಟ್ಯಾಂಡುಗಳ ಕೀಲೆಲ್ಲ ಇರುವುದು ಒಂದು ಬಿಳಿ ಲೋಹದ ಗುಂಡಿಯಲ್ಲಿ, ಎಂಟಾಣೆಗಿಂತ ಚಿಕ್ಕದು. ಒಂದು ಹಲಗೆಯಲ್ಲಿ ಉಕ್ಕಿನ ಮೊಳೆಯೊಂದನ್ನು ತಿರುಗಿಸಿ ನಿಲ್ಲಿಸಬೇಕು. ಅದರ ತಲೆ ಇನ್ನೊಂದು ಹಲಗೆಯ ಅಂಚಿನ ತೂತಿನೊಳಗೆ ತೂರಬೇಕು. ಆ ಹಲಗೆಯ ಮುಖದಲ್ಲಿ ಕೂರಿಸಿದ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಅದು ಮೊಳೆಯ ಕುತ್ತಿಗೆ ಹಿಡಿದು ಎಳೆದುಕೊಳ್ಳುತ್ತದೆ, ಎರಡು ಹಲಗೆ ಒಂದಾಗುತ್ತವೆ. ಗುಂಡಿಯ ಮೇಲೊಂದು ಸಣ್ಣ ಬಾಣವಿದೆ. ಮೊಳೆ ಬರುವ ಕಡೆಗೆ ಬಾಣ ಮುಖ ಮಾಡಿರಬೇಕು, ಇಲ್ಲದಿದ್ದರೆ ಮೊಳೆಗೆ ಒಳಗೆ ದಾರಿಯಿಲ್ಲ. ಬರೀ ಅರ್ಧ ಸುತ್ತು. ಕಾಕಾನ ಕೈಗೆ ಅರ್ಧ ಸುತ್ತೆಂಬ ಲೆಕ್ಕ ಗೊತ್ತಿಲ್ಲ. ಉಗಿ ಸೋರಬಾರದು ಎಂಬ ಭಯದಲ್ಲಿ ಬದುಕಿದ ಕೈ ಅದು, ಸದ್ದು ಬರುವ ತನಕ ಬಿಗಿಯುತ್ತದೆ. ಸದ್ದು ಬಂತು. ಹಲಗೆಯಿಂದ ಹಳದಿ ಹೊಟ್ಟು ನೆಲಕ್ಕೆ ಉದುರಿತು, ಗುಂಡಿ ತೂತಿನಲ್ಲಿ ಸುಮ್ಮನೆ ತಿರುಗತೊಡಗಿತು. "ಮಾಲು ಹಗುರ ಐತಿ" ಎಂದರು ಕಾಕಾ. ಅಪ್ಪ ಕುರ್ಚಿಯಿಂದಲೇ, "ಇಂಜಿನಿಯರ್ಡ್" ಎಂದರು.

ನಡುವೆ ಒಗ್ಗರಣಿ ಮಿರ್ಚಿ ಬಂತು. ನಮ್ಮ ಕಡೆ ಯಾವ ಕೆಲಸವೂ ಇದಿಲ್ಲದೆ ಮುಂದೆ ಸಾಗುವುದಿಲ್ಲ. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಹಲಗೆ. ಬಿಳಿ ಹಲಗೆಯ ಮೇಲೆ ಎದುರುಮನೆಯ ಅಣ್ಣನ ಐದು ಬೆರಳು ಎಣ್ಣೆಯಲ್ಲಿ ಮೂಡಿದ್ದು ಇವತ್ತಿಗೂ ಬೆಳಕು ಓರೆಯಾಗಿ ಬಿದ್ದಾಗ ಕಾಣುತ್ತದೆ.

ಮೇಲಿನ ಹಲಗೆ ಕೂರಿಸಿ, ಬಿಗಿದು, ಎಲ್ಲರೂ ಎದ್ದು ನಿಂತು ಬೆನ್ನು ಸರಿಮಾಡಿಕೊಂಡಾಗ ಗೋಡೆಗೆ ಒರಗಿಸಿದ್ದ ಒಂದು ಹಲಗೆ ಕಣ್ಣಿಗೆ ಬಿತ್ತು. ತೆಳ್ಳನೆಯದು, ಐದು ಅಡಿ ಉದ್ದದ್ದು: ಹಿಂಬದಿಯ ಹಲಗೆ. ಎರಡು ಪಕ್ಕದ ಹಲಗೆಗಳಲ್ಲಿ ಕೊರೆದ ಸೀಳಿನೊಳಗೆ ಮೇಲಿನಿಂದ ಜಾರಿಸಿ ಇಳಿಬಿಟ್ಟು, ಆಮೇಲೆ ಮುಚ್ಚಳ ಹಾಕಬೇಕಿತ್ತು. ಈಗ ಮುಚ್ಚಳ ಬಿಚ್ಚೋಣವೆಂದರೆ ತಿರುಗುವ ಗುಂಡಿಗಳು ಬಿಚ್ಚುವುದಕ್ಕೂ ಒಪ್ಪವು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕಾಕಾ ಕೆಮ್ಮಿದರು. "ಹಿಂದ ಬಯಲಿರ್ಲಿ. ಗಾಳಿ ಆಡ್ತೈತಿ. ಮಿಷಿನ್ ಕಾಯಂಗಿಲ್ಲ."

ಈ ಮಾತನ್ನು ತೆಗೆದುಹಾಕುವಂತಿರಲಿಲ್ಲ. ರಿಸೀವರು ತಾನು ಎಳೆದುಕೊಂಡ ಕರೆಂಟಿನಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಬಿಡುತ್ತದೆ, ಅದರ ನೆತ್ತಿಯ ಮೇಲಿನ ಜಾಲರಿ ಇರುವುದೇ ಅದಕ್ಕೆ. ಗಾಜಿನ ಬಾಗಿಲು ಮುಚ್ಚಿ, ಹಿಂದೆಯೂ ಹಲಗೆ ಬಡಿದರೆ ರಾಯಚೂರಿನ ಬೇಸಿಗೆಯಲ್ಲಿ ಅದಕ್ಕೆ ಉಸಿರೇ ಇಲ್ಲ. ಆದರೆ ಹಿಂಬದಿಯ ಆ ತೆಳು ಹಲಗೆಗೆ ಇನ್ನೊಂದು ಕೆಲಸವಿದೆ: ಇಡೀ ಚೌಕಟ್ಟನ್ನು ಓರೆಯಾಗದಂತೆ ಹಿಡಿದಿಡುವುದು. ಅದಿಲ್ಲದ ಸ್ಟ್ಯಾಂಡನ್ನು ಒಂದು ಬದಿಯಿಂದ ಮುಟ್ಟಿದರೆ ಜಾತ್ರೆಯ ತೇರಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ನಿಧಾನವಾಗಿ ನಿಲ್ಲುತ್ತಿತ್ತು. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡು ಎಲ್ಲರನ್ನೂ ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಇದರ ಮೇಲೆ ಟೀವಿ ಇಡಲು ಹೆಂಡತಿ ಒಪ್ಪಲಿಲ್ಲ.

ಬಡಿಗೇರ ಮಾಮಾ ಬಂದರು. ಯಾರೂ ಕರೆದಿದ್ದಿಲ್ಲ, ಓಣಿಯಲ್ಲಿ ಸುದ್ದಿಗೆ ಕರೆ ಬೇಕಿಲ್ಲ. ಸ್ಟ್ಯಾಂಡನ್ನು ಸುತ್ತುಹಾಕಿ ನೋಡಿದರು, ಏನೂ ಅನ್ನಲಿಲ್ಲ. ಅನ್ನದಿರುವುದೇ ಹೆಚ್ಚು ನೋವಾಗುವ ಸಂದರ್ಭಗಳಿರುತ್ತವೆ, ಕಾಕಾನ ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಟೇಪ್ ತೆಗೆದು ಹಿಂಬದಿಯ ಬಾಯಿಯನ್ನು ಮೂಲೆಯಿಂದ ಮೂಲೆಗೆ ಅಳೆದರು. ಇನ್ನೊಂದು ಜೋಡಿ ಮೂಲೆಗೂ ಹಿಡಿದರು. ಒಂದು ಉದ್ದ, ಒಂದು ಗಿಡ್ಡ. ಮೊಣಕಾಲಿನಿಂದ ಒಂದು ಬದಿಗೆ ಮೆಲ್ಲಗೆ ಒತ್ತಿ ಮತ್ತೆ ಅಳೆದರು. ಎರಡೂ ಸಮ ಬಂದವು. ಎರಡು ಕರ್ಣ ಸಮವಾದರೆ ನಾಲ್ಕು ಮೂಲೆಯೂ ನೆಟ್ಟಗಿವೆ ಎಂದರ್ಥ, ಮೂಲೆಮಟ್ಟ ಬೇಕಿಲ್ಲ. ಹಾಗೆಯೇ ಹಿಡಿದಿರಲು ಹೇಳಿ, ಮೂಲೆಗಳಿಗೆ ಕಬ್ಬಿಣದ ಎಲ್ ಪಟ್ಟಿ ಕೂರಿಸಿ ತಿರುಪು ಬಿಗಿದರು. ಬಿಗಿಯಾದದ್ದು ತಿಳಿಯುವ ಹೊತ್ತಿಗೆ ಕೈ ನಿಲ್ಲಿಸಿದರು. ಕಾಕಾ ಆ ಕೈಯನ್ನೇ ನೋಡುತ್ತಿದ್ದವರು, "ಮೂಲಿಯಿಂದ ಮೂಲಿಗೆ ಅಳೀತಾರಲ್ಲ, ಅದಕ್ಕೂ ಒಂದು ಅರ್ಥ ಐತಿ ಬಿಡು" ಎಂದು ಟೀವಿ ಕಂಪನಿಯ ಏಳಿಂಚನ್ನು ಅಲ್ಲೇ ಮನ್ನಾ ಮಾಡಿದರು.

ಉಳಿದ ಹಿಂಬದಿಯ ಹಲಗೆಯನ್ನು ಅವ್ವ ಮಾಳಿಗೆಗೆ ಒಯ್ದಳು. ಒಂದು ಮುಖ ನುಣುಪು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಐದು ಅಡಿ ಉದ್ದ. ಸಂಡಿಗೆ ಇಡಲು ಇದಕ್ಕಿಂತ ಒಳ್ಳೆಯ ಸಾಮಾನನ್ನು ಆ ಕಂಪನಿ ಮಾಡಿರಲಾರದು.

ಟೀವಿ ಏರಿತು. ರಿಸೀವರಿನಿಂದ ಟೀವಿಗೆ ಒಂದೇ ಎಚ್‌ಡಿಎಂಐ ವಯರು. ಟೀವಿಯ ಹಿಂದೆ ಎಆರ್‌ಸಿ ಎಂದು ಬರೆದ ಕಿಂಡಿಗೆ ಸಿಕ್ಕಿಸಿದರೆ ಚಿತ್ರ ಅತ್ತ ಹೋಗುವ ದಾರಿಯಲ್ಲೇ ಶಬ್ದ ಇತ್ತ ಬರುತ್ತದೆ. ಅಕ್ಕಪಕ್ಕದ ಕಿಂಡಿಗಳೂ ನೋಡಲು ಅದೇ ಆಕಾರ, ಅವಕ್ಕೆ ಸಿಕ್ಕಿಸಿದರೆ ರಿಸೀವರು ಮೂಕ. ಹಿಂದಿನ ಎರಡು ಸ್ಪೀಕರುಗಳನ್ನು ಅಪ್ಪನ ಕುರ್ಚಿಯ ಎಡಬಲಕ್ಕೆ, ಬೆನ್ನ ಹಿಂದೆ ಇಟ್ಟೆವು.

ಮೊದಲ ರಾತ್ರಿ ಸಿನಿಮಾ. ನಾಯಕನ ಮನೆಯ ಬಾಗಿಲು ಬಡಿದ ಸದ್ದು ಅಪ್ಪನ ಬೆನ್ನ ಹಿಂದಿನ ಎಡಗಡೆಯ ಸ್ಪೀಕರಿನಿಂದ ಬಂತು. ನಮ್ಮ ಹಿತ್ತಲ ಬಾಗಿಲು ಇರುವುದೂ ಅಲ್ಲೇ. ಅವ್ವ ಕಾಳಿನ ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, "ಬಂದೇ ಬಂದೇ" ಎನ್ನುತ್ತ ಹೋಗಿ ಚಿಲಕ ತೆಗೆದಳು. ಹೊರಗೆ ಬೆಕ್ಕು ಕೂತಿತ್ತು. ಇಷ್ಟು ಹೊತ್ತಿನಲ್ಲಿ ಬೆಕ್ಕು ಬಾಗಿಲು ಬಡಿಯುವ ಕಾಲ ಬಂತೆಂದು ಅದಕ್ಕೊಂದು ಬಟ್ಟಲು ಹಾಲು ಹಾಕಿ ಬಂದಳು. ಮರುದಿನದಿಂದ ಬೆಕ್ಕು ಸಿನಿಮಾ ಇರಲಿ ಇಲ್ಲದಿರಲಿ ಬರುತ್ತಿದೆ. ಸಬ್‌ವೂಫರು ಬಾಯಿಬಿಟ್ಟಾಗ ಅಡುಗೆಮನೆಯ ಗೂಡಿನಲ್ಲಿ ನಿಲ್ಲಿಸಿಟ್ಟ ತಾಟುಗಳು ಸಣ್ಣಗೆ ಝಣಝಣ ಎನ್ನುತ್ತಿದ್ದವು, ಗುಂಡಿ ಸಡಿಲಾದ ಕಡೆಯ ಗಾಜಿನ ಬಾಗಿಲೂ ದನಿಗೂಡಿಸುತ್ತಿತ್ತು. ಹೆಂಡತಿ ಬಾಗಿಲ ಸಂದಿಗೆ ಮದುವೆ ಕಾರ್ಡೊಂದನ್ನು ಮಡಚಿ ತುರುಕಿದಳು. ಸದ್ದು ನಿಂತಿತು.

ಆ ಕಾರ್ಡೇ ಮೊದಲ ಒಕ್ಕಲು. ಅದರ ಹಿಂದೆಯೇ ಮಿಕ್ಕ ಕಾರ್ಡುಗಳು ಬಂದವು. ವೈಫೈ ಡಬ್ಬ, ಅದರ ಮೂರು ಕೊಂಬು, ಅಪ್ಪನ ಬಿಪಿ ಗುಳಿಗೆ, ಬೈಕಿನ ಕೀಲಿ, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಇನ್ನೊಂದು ಕೀಲಿ, ಚಾರ್ಜರುಗಳು, ಮಗಳ ಬಣ್ಣದ ಪೆನ್ಸಿಲ್ಲು, ಗೂಟದ ಬದನೆಕಾಯಿಗಳ ಡಬ್ಬಿ. ರಾಯರ ಫೋಟೊ ಟೀವಿಯ ಎಡಗಾಲಿನ ಪಕ್ಕಕ್ಕೆ ಬಂದು ಕೂತಿತು, ಪರದೆಯ ಕೆಳಮೂಲೆ ಕೊಂಚ ಮರೆಯಾಯಿತು. ವಾರ್ತೆಯಲ್ಲಿ ಕೆಳಗೆ ಓಡುವ ಅಕ್ಷರಗಳು ರಾಯರ ಹಿಂದಿನಿಂದ ಹಾದುಹೋಗುವಾಗ ಅಪ್ಪ ಒಂದು ಶಬ್ದ ಊಹೆ ಮಾಡಿಕೊಳ್ಳುತ್ತಾರೆ. ಸೆಂಟರ್ ಸ್ಪೀಕರಿಗೆ ಧೂಳು ಹಿಡಿಯುತ್ತದೆಂದು ಅವ್ವ ಹಳೆಯ ಕ್ರೋಶಾ ಹೊದಿಕೆ ತೊಳೆದು ಹೊದಿಸಿದ್ದಾಳೆ. ತೂತುಗಳಿರುವ ಹೆಣಿಗೆಯಾದ್ದರಿಂದ ಮಾತು ಹೊರಗೆ ಬರುತ್ತದೆ, ತಕರಾರಿಲ್ಲ.

ತಕರಾರು ಇರುವುದು ರಿಸೀವರಿನ ಬಗ್ಗೆ. ನಡುವಿನ ಅಂಕಣ ಪೂರ್ತಿ ಅದರದೇ, ಅದರ ಮೇಲೆ ಏನನ್ನೂ ಇಡುವಂತಿಲ್ಲ, ಪಕ್ಕದಲ್ಲೂ ಗಾಳಿಗೆ ಜಾಗ ಬಿಡಬೇಕು. ಇಷ್ಟು ಒಳ್ಳೆಯ ಜಾಗವನ್ನು ಒಬ್ಬನೇ ಹಿಡಿದುಕೊಂಡು ಕೂತಿದ್ದಾನೆ ಎಂಬ ಅಸಮಾಧಾನ ಮನೆಯಲ್ಲಿ ಹೊಗೆಯಾಡುತ್ತಿತ್ತು. ಅಂಥ ದಿನವೊಂದರಲ್ಲಿ ಬಡಿಗೇರ ಮಾಮಾನ ಫೋನ್ ಬಂತು. "ಸಾಗವಾನಿ ಸಿಕ್ಕೈತ್ರಿ. ಆವತ್ತು ಬರಕೊಂಡ ಅಳತಿ ಎಲ್ಲೋ ಹೋತು, ಇನ್ನೊಮ್ಮೆ ಹೇಳ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡಳು. "ಅಷ್ಟು ದೊಡ್ಡದು ಈಗ ಬ್ಯಾಡಪ್ಪ. ಆ ಬಿಸಿ ಪೆಟ್ಟಿಗಿ ಐತಲ್ಲ, ಅದಕ್ಕೊಂದು ಸಣ್ಣ ಸ್ಟ್ಯಾಂಡ್ ಮಾಡಿಕೊಡು. ಸುಮ್ನ ಟೀವಿ ಸ್ಟ್ಯಾಂಡ್ನಾಗ ಕುಂತು ಜಾಗ ತಿನ್ನಾಕತ್ತೈತಿ."

"ಆತ್ ಬಿಡ್ರಿ ಯವ್ವಾ" ಎಂದರು ಮಾಮಾ. "ಯುಗಾದಿ ಒಳಗ."